ಅಹಮದಾಬಾದ್–ಸೂರತ್ ಪ್ರವಾಸಕ್ಕೆ ಎಲೆಕ್ಟ್ರಿಕ್ ಎಸ್‌ಯುವಿ: ಲಾಭವೇನು, ತೊಂದರೆಯೇನು?

ಅಹಮದಾಬಾದ್‌ನ ಮಣಿನಗರದಿಂದ ವಡೋದರಾ ಮಾರ್ಗವಾಗಿ ಸೂರತ್‌ಗೆ ಸುಮಾರು 265 ಕಿ.ಮೀ. ಈ ದಾರಿಯಲ್ಲಿ ಎಲೆಕ್ಟ್ರಿಕ್ ಎಸ್‌ಯುವಿ ಒಯ್ಯುವುದಾದರೆ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಲಾಭಗಳು

ಖರ್ಚು ಕಡಿಮೆ: ಒಂದು ಯೂನಿಟ್ ವಿದ್ಯುತ್‌ಗೆ 6 ಕಿ.ಮೀ. ಓಡಿದರೆ 44 ಯೂನಿಟ್ ಸಾಕು. ಮನೆಯಲ್ಲಿ ಯೂನಿಟ್‌ಗೆ 8 ರೂ. ಎಂದುಕೊಂಡರೆ ಖರ್ಚು ಸುಮಾರು 350 ರೂ. ಲೀಟರ್‌ಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಎಸ್‌ಯುವಿಗೆ ಸುಮಾರು 18 ಲೀಟರ್ ಬೇಕು.

ಆಯಾಸ ಕಡಿಮೆ: ಗೇರ್ ಬದಲಿಸುವ ಕೆಲಸವಿಲ್ಲ, ಎಂಜಿನ್ ಸದ್ದಿಲ್ಲ.

ತೊಂದರೆಗಳು

ರೇಂಜ್ ಇಳಿಕೆ: ವಡೋದರಾ ಬಳಿಯ ಹಾಲೋಲ್‌ನಲ್ಲಿ ತಯಾರಾಗುವ ಎಂಜಿ ಝಡ್‌ಎಸ್ ಇವಿಯ 50.3 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಕಂಪನಿ ಹೇಳುವ ರೇಂಜ್ 461 ಕಿ.ಮೀ. ಮೇಲಿನ ಲೆಕ್ಕದಲ್ಲಿ ಸಿಗುವುದು ಸುಮಾರು 300 ಮಾತ್ರ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ಎಸಿಯೂ ಬ್ಯಾಟರಿ ತಿನ್ನುತ್ತದೆ.

ಚಾರ್ಜಿಂಗ್ ದರ: ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲದವರು ಸಾರ್ವಜನಿಕ ಫಾಸ್ಟ್ ಚಾರ್ಜರ್ ನಂಬಬೇಕು. ಅಲ್ಲಿನ ದರ ಮನೆ ವಿದ್ಯುತ್‌ನ ಎರಡು ಪಟ್ಟು ದಾಟಬಹುದು. ಆಗ ಉಳಿತಾಯವೂ ಕರಗುತ್ತದೆ.

ಹೀಗೆ ಮಾಡಿ

ಹಿಂದಿನ ರಾತ್ರಿ ಮನೆಯಲ್ಲೇ ಫುಲ್ ಚಾರ್ಜ್ ಮಾಡಿ. ವಡೋದರಾಕ್ಕಿಂತ ಭರೂಚ್ ಬಳಿ ನಿಲ್ಲಿಸುವುದು ಲೇಸು. ಬ್ಯಾಟರಿ ಖಾಲಿಯಾದಷ್ಟೂ ಚಾರ್ಜಿಂಗ್ ಚುರುಕು. ಶೇ 80ರ ನಂತರ ಅದು ನಿಧಾನವಾಗುವುದರಿಂದ ಅಲ್ಲಿಗೇ ನಿಲ್ಲಿಸಿ ಹೊರಡಿ. ಚಾರ್ಜರ್ ಕೆಟ್ಟಿರಬಹುದು, ಸರದಿ ಇರಬಹುದು. ಹಾಗಾಗಿ ಹತ್ತಿರದ ಇನ್ನೊಂದು ಕೇಂದ್ರವನ್ನೂ ಆ್ಯಪ್‌ನಲ್ಲಿ ಗುರುತಿಸಿಟ್ಟುಕೊಳ್ಳಿ.