ಸೋನೌಲಿ: ತೆರೆದ ಗಡಿಯಲ್ಲಿ ಕಣ್ಣಿಟ್ಟು ಕಾಯುವವರು

ಉತ್ತರ ಪ್ರದೇಶದ ಮಹಾರಾಜಗಂಜ್ ಜಿಲ್ಲೆಯ ಪುಟ್ಟ ಪೇಟೆ ಸೋನೌಲಿ. ಗೋರಖ್‌ಪುರದಿಂದ ಬರುವ ಹೆದ್ದಾರಿ ಇಲ್ಲಿ ಕಮಾನು ದಾಟಿದ ಕೂಡಲೇ ನೇಪಾಳ ಸೇರುತ್ತದೆ. ಸರಕು ಲಾರಿಗಳ ಉದ್ದನೆಯ ಸಾಲು, ಹಣ ಬದಲಿಸುವ ಅಂಗಡಿಗಳು, ಲುಂಬಿನಿಗೆ ಹೊರಟ ಬೌದ್ಧ ಯಾತ್ರಿಕರು, ಎಲ್ಲರ ನಡುವೆ ನುಸುಳುವ ರಿಕ್ಷಾಗಳು. 1950ರ ಭಾರತ-ನೇಪಾಳ ಒಪ್ಪಂದದ ಬಲದಿಂದ ಎರಡೂ ದೇಶದವರಿಗೆ ಇಲ್ಲಿ ವೀಸಾ ಬೇಡ. ಮದುವೆ, ಸಂತೆ, ಆಸ್ಪತ್ರೆ, ಕೂಲಿ ಎಂದು ಜನ ನಡೆದೇ ಆಚೀಚೆ ಹೋಗಿಬರುತ್ತಾರೆ. ಬಡವರಿಗೆ ಇದು ಅನ್ನದ ದಾರಿ.

ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವ ದಲ್ಲಾಳಿ ಬರುವುದೂ ಇದೇ ದಾರಿಯಲ್ಲಿ. ಅವನು ಯಾರನ್ನೂ ಕೈಕಾಲು ಕಟ್ಟಿ ಎಳೆದೊಯ್ಯಬೇಕಿಲ್ಲ. ದಿಲ್ಲಿಯಲ್ಲಿ ಕೆಲಸವಿದೆ ಎಂದೋ ಮದುವೆಯಾಗುತ್ತೇನೆ ಎಂದೋ ನಂಬಿಸಿದರೆ ಸಾಕು, ಹುಡುಗಿ ತಾನಾಗಿಯೇ ಪಕ್ಕದಲ್ಲಿ ನಡೆದು ಬರುತ್ತಾಳೆ. ಎಷ್ಟೋ ಸಲ ಅವನು ಅವಳ ಊರಿನವನೇ, ನೆಂಟನೇ. ಗಡಿ ಕಾಯುವ ಸಶಸ್ತ್ರ ಸೀಮಾ ಬಲದ ಜವಾನರಿಗೆ ಈ ಜನಜಂಗುಳಿಯಲ್ಲಿ ಯಾರು ಯಾರೆಂದು ತಿಳಿಯುವುದು ಸುಲಭವಲ್ಲ.

1993ರಲ್ಲಿ ಅನುರಾಧಾ ಕೊಯಿರಾಲಾ ಕಟ್ಟಿದ ಮೈತಿ ನೇಪಾಳ ಸಂಸ್ಥೆ ಇಂಥ ಗಡಿನಾಕೆಗಳಲ್ಲಿ ಕಾವಲಿಟ್ಟಿದೆ. ಮಾರಾಟವಾಗಿ ಮರಳಿದ ಹೆಣ್ಣುಮಕ್ಕಳೂ ಈ ಕಾವಲಿನಲ್ಲಿ ನಿಂತಿದ್ದಾರೆ. ದಲ್ಲಾಳಿಯ ಮಾತಿನ ವರಸೆ ಅವರಷ್ಟು ಬಲ್ಲವರು ಯಾರು? ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಕೇಳುತ್ತಾರೆ. ಎಲ್ಲಿಗೆ ಹೊರಟಿದ್ದೀಯಮ್ಮ? ಇವನ ಪೂರ್ತಿ ಹೆಸರೇನು? ಕೆಲಸದ ಜಾಗದ ವಿಳಾಸ ಇದೆಯಾ? ಮನೆಯವರಿಗೆ ಗೊತ್ತಾ? ಉತ್ತರಗಳು ತಾಳೆಯಾಗದಿದ್ದರೆ ವಿಷಯ ಪೊಲೀಸರಿಗೆ ಹೋಗುತ್ತದೆ.

ಗಡಿ ದಾಟಿಹೋದ ಮೇಲೆ ಕರೆತರುವುದು ಎಷ್ಟು ಕಷ್ಟ ಎಂಬುದಕ್ಕೆ 1996 ಸಾಕ್ಷಿ. ಆ ವರ್ಷ ಮುಂಬೈಯ ವೇಶ್ಯಾಗೃಹಗಳಿಂದ ನೂರಾರು ಹುಡುಗಿಯರನ್ನು ಪೊಲೀಸರು ಬಿಡಿಸಿದರು. ಅವರಲ್ಲಿದ್ದ ನೇಪಾಳಿಯರನ್ನು ಕರೆಸಿಕೊಳ್ಳಲು ನೇಪಾಳ ಸರ್ಕಾರ ಹಿಂಜರಿಯಿತು. ಕೊನೆಗೆ ಸ್ವಯಂಸೇವಾ ಸಂಸ್ಥೆಗಳು ಮುಂದೆ ಬಂದು ಕರೆದೊಯ್ದವು.

‘ಒಪ್ಪಿಯೇ ಬಂದಳಲ್ಲ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಅದನ್ನು ಒಪ್ಪುವುದಿಲ್ಲ: ಶೋಷಣೆಗಾಗಿ ಮೋಸದಿಂದ ಸಾಗಿಸಿದರೆ ಸಂತ್ರಸ್ತೆಯ ಒಪ್ಪಿಗೆ ಲೆಕ್ಕಕ್ಕಿಲ್ಲ.

ಆದರೆ ಹೆಣ್ಣುಮಕ್ಕಳನ್ನು ತಡೆಯುವುದನ್ನೇ ರಕ್ಷಣೆ ಎಂದುಕೊಂಡರೆ ಅಪಾಯ ಹೆಚ್ಚುತ್ತದೆ. ಮೂವತ್ತು ತುಂಬದ ಮಹಿಳೆಯರು ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗಬಾರದೆಂದು 2012ರಲ್ಲಿ ನೇಪಾಳ ನಿಷೇಧ ಹೇರಿತು. ಮನೆಯ ಬಡತನಕ್ಕೆ ನಿಷೇಧವಿರಲಿಲ್ಲ. ಹೊರಡಲೇಬೇಕಾದವರು ಕಠ್ಮಂಡುವಿನ ವಿಮಾನ ನಿಲ್ದಾಣ ಬಿಟ್ಟು, ದಲ್ಲಾಳಿಯ ಬೆನ್ನುಹತ್ತಿ, ಈ ತೆರೆದ ಗಡಿಯ ಮೂಲಕವೇ ದಿಲ್ಲಿ, ಮುಂಬೈ ಸೇರಿ ಅಲ್ಲಿಂದ ವಿಮಾನವೇರಿದರು. ಸರ್ಕಾರದ ದಾಖಲೆಯಲ್ಲಿ ಅವರು ಮನೆ ಬಿಟ್ಟಿರಲೇ ಇಲ್ಲ. ನಾಕೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ, ಅಂದರೆ ಕೆಲಸದ ಕರಾರು, ಮಾಲೀಕನ ವಿಳಾಸ, ರಾಯಭಾರ ಕಚೇರಿಯ ಫೋನ್ ನಂಬರು, ಇವೆಲ್ಲ ಹೊರಡುವ ಮೊದಲೇ, ಊರಿನಲ್ಲೇ ಅವರ ಕೈಗೆ ಸಿಗಬೇಕಿತ್ತು.