ನಗೆಗೆ ಗೆರೆ ಎಲ್ಲಿ?

ಅಣ್ಣಿಗೇರಿಯಂಥ ಊರುಗಳ ನಾಟಕಗಳಲ್ಲಿ ಹಾಸ್ಯಪಾತ್ರ ಗೌಡರನ್ನೂ ಕುಲಕರ್ಣಿಯವರನ್ನೂ ಗೇಲಿ ಮಾಡುತ್ತದೆ, ಜನ ನಗುತ್ತಾರೆ. ಆ ನಗೆ ಕೆಲವರನ್ನು ನೋಯಿಸಿದರೆ ಪ್ರದರ್ಶನ ನಿಲ್ಲಿಸಬಹುದೇ?

2021ರ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮುನಾವರ್ ಫಾರೂಕಿ ಅವರ ಹಾಸ್ಯ ಕಾರ್ಯಕ್ರಮ ರದ್ದಾಯಿತು. ಸಂಘಟನೆಗಳ ವಿರೋಧವಿದೆ, ಶಾಂತಿ ಕದಡಬಹುದು ಎಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದಿದ್ದರು. ಕಲಾವಿದರು ಇನ್ನೂ ವೇದಿಕೆ ಏರಿಯೇ ಇರಲಿಲ್ಲ.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ನೀಡುತ್ತದೆ. 19(2) ವಿಧಿ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮುಂತಾದ ಕಾರಣಗಳಿಗೆ ಮಿತಿ ಹಾಕುತ್ತದೆ. ಬರೀ ‘ಮನಸ್ಸಿಗೆ ನೋವಾಯಿತು’ ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮಾತ್ರ 295ಎ ಕಲಮಿನಡಿ ಶಿಕ್ಷೆ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ವಿವರಿಸಿತು. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ಗಲಭೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಬಾರದು, ರಕ್ಷಣೆ ಕೊಡುವುದು ಸರಕಾರದ ಹೊಣೆ ಎಂದು ರಂಗರಾಜನ್ ಪ್ರಕರಣದಲ್ಲಿ (1989) ಹೇಳಿತು.

ಹಾಗೆಂದು ಕಾನೂನು ಬಿಟ್ಟದ್ದೆಲ್ಲ ಒಳ್ಳೆಯ ಹಾಸ್ಯವಲ್ಲ. ಅಧಿಕಾರಸ್ಥರನ್ನು ಗೇಲಿ ಮಾಡುವುದು ಬೇರೆ, ದುರ್ಬಲರ ಜಾತಿ, ಅಂಗವೈಕಲ್ಯ ಎತ್ತಿ ಆಡುವುದು ಬೇರೆ. ವಿದ್ಯಾರ್ಥಿಗಳೇ, ಹಿಡಿಸದ ಹಾಸ್ಯಕ್ಕೆ ನಗದಿರಿ, ಖಂಡಿಸಿ, ಬರೆದು ಉತ್ತರಿಸಿ. ಆದರೆ ಕಲ್ಲು ಎತ್ತಿದವರ ಮಾತೇ ನಡೆಯುವಂತಾದರೆ, ನಾಳೆ ನಿಮ್ಮ ಮಾತಿಗೂ ವೇದಿಕೆ ಸಿಗದು.