ಡಿಫರೆನ್ಷಿಯಲ್ ಸವೆದಿದೆಯೇ? ಬಿಚ್ಚುವ ಮುನ್ನ ಪರೀಕ್ಷಿಸಿ

ತಿರುವಿನಲ್ಲಿ ವೇಗ ಹೆಚ್ಚಿಸಿದೊಡನೆ ಒಳಬದಿಯ ಹಿಂಚಕ್ರವೊಂದೇ ಗಿರ್ರನೆ ತಿರುಗಿದರೆ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸವೆದಿರಬಹುದೆಂಬ ಶಂಕೆ ಸಹಜ. ಆದರೆ ಶಂಕೆಯನ್ನೇ ನಂಬಿ ದುಬಾರಿ ದುರಸ್ತಿಗೆ ಮುಂದಾಗುವುದು ಸರಿಯಲ್ಲ.

1986ರಲ್ಲಿ ತಯಾರಿಕೆ ಆರಂಭವಾದ ಬಿಎಂಡಬ್ಲ್ಯು ಎಂ3 ಕಾರಿನಲ್ಲಿ ಈ ಹೊಣೆ ಕ್ಲಚ್ ಪ್ಲೇಟುಗಳದ್ದು. ಒಂದು ಚಕ್ರ ಜಾರಿದಾಗ, ಹಿಡಿತವಿರುವ ಇನ್ನೊಂದು ಚಕ್ರಕ್ಕೂ ಇವು ಬಲ ಒದಗಿಸುತ್ತವೆ. ಪ್ಲೇಟು ಸವೆದಂತೆಲ್ಲ ಈ ಸಾಮರ್ಥ್ಯ ಕುಂದುತ್ತದೆ.

ಪರೀಕ್ಷೆ ಕಠಿಣವೇನಲ್ಲ. ಸಮತಟ್ಟಾದ ನೆಲದಲ್ಲಿ ಮುಂಚಕ್ರಗಳಿಗೆ ತಡೆಯಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಸಡಿಲಿಸಿ, ಹಿಂದಿನ ಒಂದು ಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡಿನ ಆಸರೆ ಕೊಡಬೇಕು. ಬಳಿಕ ಅದನ್ನು ಟಾರ್ಕ್ ರೆಂಚ್‌ನಿಂದ ತಿರುಗಿಸಬೇಕು. ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಮಿತಿಗಿಂತ ಕಡಿಮೆ ಬಲಕ್ಕೇ ಚಕ್ರ ತಿರುಗಿದರೆ ಪ್ಲೇಟುಗಳು ಸವೆದಿವೆ ಎಂದರ್ಥ.

ತಿರುವಿನಲ್ಲಿ ಕೇಳಿಬರುವ ಕಟಕಟ ಸದ್ದೊಂದೇ ಸವೆತಕ್ಕೆ ಸಾಕ್ಷಿಯಲ್ಲ. ಹೊಂದದ ಅಥವಾ ಹಳತಾದ ಗೇರ್ ಆಯಿಲ್ ಕೂಡ ಇದಕ್ಕೆ ಕಾರಣವಾಗಬಹುದು. ಹೀಗಾಗಿ ಮೊದಲು ಆಯಿಲ್ ಬದಲಿಸಿ ನೋಡುವುದು ಲೇಸು.

ಗೇರುಗಳನ್ನೇ ಅವಲಂಬಿಸಿದ ಟಾರ್ಸೆನ್ ಮಾದರಿಗೆ ಈ ಪರೀಕ್ಷೆ ಒಪ್ಪುವುದಿಲ್ಲ. ಎತ್ತಿದ ಚಕ್ರ ಅಲ್ಲಿ ಸುಲಭವಾಗಿ ತಿರುಗಿದರೂ ಡಿಫರೆನ್ಷಿಯಲ್ ಸುಸ್ಥಿತಿಯಲ್ಲೇ ಇರಬಹುದು. ಆದ್ದರಿಂದ ಕಾರಿನಲ್ಲಿರುವುದು ಯಾವ ಮಾದರಿ ಎಂಬುದನ್ನು ಅರಿಯುವುದೇ ಮೊದಲ ಹೆಜ್ಜೆ.